ಕೋಣೆಯ ಗೋಡೆಯಲ್ಲಿ ಕಾಡು, ಹೊಳೆ, ಬೆಟ್ಟ



ಗೋಡೆಯ ತುಂಬ ಹಸಿರು ಕಾಡು, ಅದರ ನಡುವೆ ಧುಮುಕುವ ಜಲಪಾತ. ಅಂಥ ಕೋಣೆಯನ್ನು ನೀವು ಎಲ್ಲಾದರೂ ನೋಡಿರಬಹುದು. ಒಂದು ಕಾಲಕ್ಕೆ ದೊಡ್ಡ ನಗರಗಳ ಹೋಟೆಲು, ಕಚೇರಿಗಳಲ್ಲಷ್ಟೇ ಕಾಣುತ್ತಿದ್ದ ಈ ಅಲಂಕಾರ ಈಗ ಸಣ್ಣ ಊರುಗಳ ಮನೆಗಳಿಗೂ ಬರತೊಡಗಿದೆ. ಇದಕ್ಕೆ ವಾಲ್‌ಪೇಪರ್, ಅಂದರೆ ಗೋಡೆಗೆ ಅಂಟಿಸುವ ಕಾಗದ, ಎನ್ನುತ್ತಾರೆ. ಬಾಗಲಕೋಟೆಗೆ ಹತ್ತಿರದ ಶಿರೂರಿನಲ್ಲಿ ಒಂದು ಮನೆಯವರು ಮಕ್ಕಳ ಓದುವ ಕೋಣೆಗೆ ಇಂಥದೊಂದು ಚಿತ್ರ ಅಂಟಿಸಬೇಕೆಂದು ಯೋಚಿಸುತ್ತಿದ್ದಾರೆ ಎಂದು ಭಾವಿಸೋಣ. ಆ ಮನೆಯವರು ಯಾವ ಯಾವ ಸಂಗತಿಗಳನ್ನು ತಿಳಿದಿರಬೇಕು? ಚಿತ್ರದಿಂದ ಕೋಣೆ ನಿಜಕ್ಕೂ ಹಿತವಾಗುತ್ತದೆಯೇ? ಹಾಕಿದ ಹಣ ನಾಲ್ಕು ಕಾಲ ಉಳಿಯುತ್ತದೆಯೇ?

ಇದಕ್ಕೆ ಚಿಕ್ಕ ಉತ್ತರ ಹೀಗಿದೆ: ಮೊದಲು ಗೋಡೆಯನ್ನು ನೋಡಬೇಕು, ಆಮೇಲೆ ಕಿಟಕಿಯನ್ನು ನೋಡಬೇಕು, ಚಿತ್ರದ ಆಯ್ಕೆ ಕೊನೆಗೆ. ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ನಡೆಯುತ್ತೇವೆ. ಹಾಗೇಕೆ ನಡೆಯಬಾರದು ಎಂಬುದನ್ನು ಒಂದೊಂದಾಗಿ ವಿಚಾರ ಮಾಡೋಣ.

ಗೋಡೆಯ ಚಿತ್ರ ನಮಗೆ ಹೊಸದಲ್ಲ

ಗೋಡೆಯ ಮೇಲೆ ಪ್ರಕೃತಿಯನ್ನು ತಂದುಕೊಳ್ಳುವ ಆಸೆ ಮನುಷ್ಯನಿಗೆ ಬಹಳ ಹಳೆಯದು. ಶಿರೂರಿನಿಂದ ದೂರವಿಲ್ಲದ ಬಾದಾಮಿಯ ಗುಡ್ಡಗಳಲ್ಲಿ ಸಿಡಿಲಫಡಿ ಎಂಬ ಕಲ್ಲಾಸರೆ ಇದೆ. ಇತಿಹಾಸಪೂರ್ವ ಕಾಲದ ಜನ ಅಲ್ಲಿನ ಬಂಡೆಯ ಮೇಲೆ ಚಿತ್ರಗಳನ್ನು ಬರೆದಿದ್ದಾರೆ. ಬಾದಾಮಿಯ ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಲೇಶ ಪೂರ್ಣಗೊಳಿಸಿದನೆಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಆ ಗುಹೆಯ ಮುಂಚಾಚಿನ ಒಳಮೈಯಲ್ಲಿ ಬಣ್ಣದ ಚಿತ್ರಗಳಿದ್ದವು. ಗಾಳಿ, ತೇವ, ಕಾಲ ಇವುಗಳ ಹೊಡೆತಕ್ಕೆ ಬಹುಪಾಲು ಅಳಿದುಹೋಗಿ ಈಗ ಮಸುಕಾದ ಗುರುತುಗಳು ಮಾತ್ರ ಉಳಿದಿವೆ.

1997ರವರೆಗೆ ಬಾಗಲಕೋಟೆ ಭಾಗವೂ ಸೇರಿದ್ದ ಹಳೆಯ ವಿಜಾಪುರ ಜಿಲ್ಲೆಯಲ್ಲಿ ಇನ್ನೊಂದು ಉದಾಹರಣೆ ಇದೆ. ಮಹಮ್ಮದ್ ಆದಿಲ್ ಶಾಹನ (1627–1656) ಕಾಲದ ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಹೂದಾನಿ, ಹೂ, ಎಲೆ, ಬಳ್ಳಿಗಳ ಚಿತ್ರಗಳನ್ನು ಬರೆಸಲಾಗಿತ್ತು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನಲ್ಲಿ ಯುದ್ಧದ ದೃಶ್ಯಗಳಷ್ಟೇ ಅಲ್ಲ, ಗೋಡೆ, ಕಂಬ, ಛಾವಣಿಗಳ ತುಂಬ ಹೂಬಳ್ಳಿಗಳ ಅಲಂಕಾರವಿದೆ.

ಅರಮನೆಗಳಿಗೆ ಮಾತ್ರ ಈ ಆಸೆ ಸೀಮಿತವಾಗಿರಲಿಲ್ಲ. ಸಾಗರ ಭಾಗದ ದೀವರ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಿಂದ ಹಸೆ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಉತ್ತರ ಕರ್ನಾಟಕದಲ್ಲಿ ಸುಣ್ಣ ಮತ್ತು ಜಾಜಿನಿಂದ ಗೋಡೆ, ಹೊಸ್ತಿಲುಗಳನ್ನು ಸಿಂಗರಿಸುವ ಪದ್ಧತಿಯನ್ನು ನಿಮ್ಮ ಅಜ್ಜಿಯರು ಬಲ್ಲರು.

ಈ ಎಲ್ಲ ಚಿತ್ರಗಳಿಗೂ ಒಂದು ಸಮಾನ ಗುಣವಿದೆ. ಇವುಗಳ ಬಣ್ಣ ಗೋಡೆಗೇ ಹತ್ತಿಕೊಂಡಿರುತ್ತದೆ. ಗೋಡೆಗೂ ಚಿತ್ರಕ್ಕೂ ನಡುವೆ ಬೇರೊಂದು ಹಾಳೆ ಇಲ್ಲ. ವಾಲ್‌ಪೇಪರ್ ಬಂದಾಗ ಈ ಸಂಬಂಧ ಬದಲಾಯಿತು.

ಕಾಗದದ ಮೇಲೆ ಬಂದ ಪ್ರಕೃತಿ

ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಹಡಗುಗಳಲ್ಲಿ ಯೂರೋಪಿಗೆ ಹೋದ ಸರಕುಗಳಲ್ಲಿ ಕೈಯಿಂದ ಬರೆದ ಗೋಡೆಯ ಕಾಗದವೂ ಇತ್ತು. ಹೂಬಿಟ್ಟ ಗಿಡಗಳು, ಹಕ್ಕಿಗಳು, ಬಿದಿರು ಇವು ಅದರ ವಸ್ತುಗಳು. ಅಲ್ಲಿನ ಶ್ರೀಮಂತರ ಮನೆಗಳಲ್ಲಿ ಇದಕ್ಕೆ ಬಹಳ ಬೇಡಿಕೆ ಬಂತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ತಯಾರಕರು ಒಂದು ಹೆಜ್ಜೆ ಮುಂದೆ ಹೋಗಿ, ಕೋಣೆಯ ನಾಲ್ಕೂ ಗೋಡೆಗಳನ್ನು ಸುತ್ತುವ ಒಂದೇ ದೃಶ್ಯವನ್ನು ಮರದ ಅಚ್ಚುಗಳಿಂದ ಮುದ್ರಿಸತೊಡಗಿದರು.

ಅಂಥ ದೃಶ್ಯಗಳಲ್ಲಿ ಒಂದು ನಮ್ಮ ದೇಶದ್ದೇ ಎಂದರೆ ನಿಮಗೆ ಆಶ್ಚರ್ಯವಾದೀತು. ಅಲ್ಸಾಸ್ ಪ್ರಾಂತದ ಜುಬೆರ್ ಕಾರ್ಖಾನೆ 1807ರಲ್ಲಿ ‘ಹಿಂದೂಸ್ತಾನ್’ ಎಂಬ ವಾಲ್‌ಪೇಪರನ್ನು ಹೊರತಂದಿತು. ಭಾರತದಲ್ಲಿ ಸಂಚರಿಸಿ ಚಿತ್ರ ಬರೆದಿದ್ದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಇಂಗ್ಲಿಷ್ ಕಲಾವಿದರ ಮುದ್ರಿತ ಚಿತ್ರಗಳು ಇದಕ್ಕೆ ಆಧಾರ. ಇದನ್ನು ಮುದ್ರಿಸಲು ಸಾವಿರಕ್ಕೂ ಹೆಚ್ಚು ಮರದ ಅಚ್ಚುಗಳು ಬೇಕಾದವು. ಇಂದು ನಾವು ಕಾಣದ ಸ್ವಿಟ್ಜರ್ಲೆಂಡಿನ ಹಿಮಪರ್ವತವನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಇನ್ನೂರು ವರ್ಷಗಳ ಹಿಂದೆ ಯೂರೋಪಿನವರು ತಾವು ಕಾಣದ ನಮ್ಮ ದೇವಾಲಯಗಳನ್ನೂ ಮರಗಳನ್ನೂ ಗೋಡೆಗೆ ಅಂಟಿಸಿಕೊಂಡಿದ್ದರು. ಅದೇ ಕಾರ್ಖಾನೆಯ, 1834ರ ಉತ್ತರ ಅಮೆರಿಕದ ದೃಶ್ಯಗಳ ವಾಲ್‌ಪೇಪರನ್ನು 1961ರಲ್ಲಿ ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ಒಂದು ಕೋಣೆಗೆ ಹಾಕಲಾಯಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯಂತ್ರಗಳಿಂದ ಮುದ್ರಣ ಆರಂಭವಾಗಿ ಈ ಕಾಗದ ಸಾಮಾನ್ಯರ ಮನೆಗೂ ಬಂತು. ಅಗ್ಗದ ಕಾಗದದ ಜೊತೆಗೆ ಒಂದು ಅಪಾಯವೂ ಮನೆಯೊಳಗೆ ಬಂತು.

ಹಸಿರು ಬಣ್ಣದೊಳಗಿನ ವಿಷ

1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಒಂದು ಹೊಳೆಯುವ ಹಸಿರು ಬಣ್ಣವನ್ನು ತಯಾರಿಸಿದ. ತಾಮ್ರ ಮತ್ತು ಆರ್ಸೆನಿಕ್ ಅದರ ಮೂಲವಸ್ತುಗಳು. ಎಲೆ, ಬಳ್ಳಿಗಳನ್ನು ಮುದ್ರಿಸಲು ಇಂಥ ಹಸಿರು ಬಣ್ಣಗಳನ್ನು ಹೇರಳವಾಗಿ ಬಳಸಿದರು. ಗೋಡೆಯ ಕಾಗದ ಉದುರಿದಾಗ ಏಳುವ ಧೂಳಿನಲ್ಲಿ ಆರ್ಸೆನಿಕ್ ಇರುತ್ತಿತ್ತು. ಗೋಡೆ ತೇವವಾಗಿದ್ದರೆ ಕಾಗದಕ್ಕೂ ಅಂಟಿಗೂ ಬೂಷ್ಟು ಹಿಡಿಯುತ್ತಿತ್ತು. ಕೆಲವು ಬಗೆಯ ಬೂಷ್ಟು ಈ ಬಣ್ಣವನ್ನು ವಿಭಜಿಸಿ ಆರ್ಸೆನಿಕ್ ಇರುವ ಅನಿಲವನ್ನು ಹೊರಬಿಡುತ್ತದೆಂದು 1890ರ ದಶಕದಲ್ಲಿ ಇಟಲಿಯ ಬಾರ್ತೊಲೊಮೆಯೊ ಗೊಸಿಯೊ ತೋರಿಸಿದರು. ಆ ಅನಿಲದಿಂದಲೇ ಎಷ್ಟು ಜನ ಕಾಯಿಲೆ ಬಿದ್ದರೆಂಬುದು ಇಂದಿಗೂ ಚರ್ಚೆಯ ವಿಷಯ. ಆದರೆ ಆರ್ಸೆನಿಕ್ ವಿಷವೆಂಬುದರಲ್ಲಿ ಚರ್ಚೆ ಇಲ್ಲ.

ಈಗ ವಾಲ್‌ಪೇಪರಿಗೆ ಆ ಬಣ್ಣ ಬಳಸುವುದಿಲ್ಲ. ಆದರೂ ಈ ಕಥೆಯ ಇನ್ನೊಂದು ಅರ್ಧ ಹಾಗೆಯೇ ಉಳಿದಿದೆ. ಅದೇ ತೇವ ಮತ್ತು ಬೂಷ್ಟು. ತೇವವೂ ಬೂಷ್ಟೂ ಇರುವ ಮನೆಯಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾದಂಥ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ದಮ್ಮಿನ ಕಾಯಿಲೆಯ ಹಿರಿಯರೋ ಚಿಕ್ಕ ಮಕ್ಕಳೋ ಮಲಗುವ ಕೋಣೆಯಲ್ಲಿ ಚಂದದ ಚಿತ್ರದ ಬೆನ್ನಿಗೆ ಬೂಷ್ಟು ಬೆಳೆಯುತ್ತಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಗೋಡೆಯನ್ನು ಮೊದಲು ನೋಡಬೇಕೆಂದದ್ದು.

ಮೊದಲು ಗೋಡೆ

ಶಿರೂರಿನ ಭಾಗದಲ್ಲಿ ನೀವು ಎರಡು ಬಗೆಯ ಮನೆಗಳನ್ನು ಕಾಣುತ್ತೀರಿ. ಒಂದು, ಕಲ್ಲು-ಮಣ್ಣಿನ ದಪ್ಪ ಗೋಡೆಯ, ಸುಣ್ಣ ಬಳಿದ ಹಳೆಯ ಮಾಳಿಗೆ ಮನೆ. ಇನ್ನೊಂದು, ಇಟ್ಟಿಗೆ ಅಥವಾ ಸಿಮೆಂಟಿನ ಗೋಡೆಯ ಹೊಸ ಮನೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಕಟ್ಟಿದಾಗ ಎಷ್ಟೋ ಕುಟುಂಬಗಳು ಮೊದಲ ಬಗೆಯ ಮನೆಯಿಂದ ಎರಡನೆಯ ಬಗೆಯ ಮನೆಗೆ ಹೋದವು. ಈ ಎರಡು ಗೋಡೆಗಳ ಸ್ವಭಾವ ಬೇರೆ ಬೇರೆ.

ಕಲ್ಲು-ಮಣ್ಣಿನ ಗೋಡೆ ಬುನಾದಿಯಿಂದ ನೀರನ್ನು ಮೇಲಕ್ಕೆ ಎಳೆಯುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದು. ಹಾಗೆ ಏರಿದ ತೇವ ಮಣ್ಣು, ಸುಣ್ಣಗಳ ಸಣ್ಣ ರಂಧ್ರಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ. ಇಂಥ ಗೋಡೆಗೆ ಪ್ಲಾಸ್ಟಿಕ್ ಲೇಪನವಿರುವ ವಿನೈಲ್ ವಾಲ್‌ಪೇಪರ್ ಅಂಟಿಸಿದರೆ ಆವಿ ಹೊರಹೋಗುವ ದಾರಿ ಮುಚ್ಚುತ್ತದೆ. ತೇವ ಕಾಗದದ ಹಿಂದೆ ನಿಂತು ಅಂಟು ಬಿಡುತ್ತದೆ, ಬೂಷ್ಟು ಬೆಳೆಯುತ್ತದೆ, ಗೋಡೆಯ ಉಪ್ಪು ಬಿಳಿ ಪುಡಿಯಾಗಿ ಕಟ್ಟಿಕೊಳ್ಳುತ್ತದೆ. ನಮ್ಮದು ಮಳೆ ಕಡಿಮೆಯ ಬಯಲುಸೀಮೆ, ಇಲ್ಲೆಲ್ಲಿಯ ತೇವ ಎಂದು ನೀವು ಕೇಳಬಹುದು. ಬಚ್ಚಲಿಗೆ ಹೊಂದಿಕೊಂಡ ಗೋಡೆಯನ್ನೂ ನೀರಿನ ತೊಟ್ಟಿಯ ಪಕ್ಕದ ಗೋಡೆಯನ್ನೂ ಕೈಯಿಂದ ಮುಟ್ಟಿ ನೋಡಿ, ಉತ್ತರ ಸಿಗುತ್ತದೆ.

ಇನ್ನೊಂದು ಸಂಗತಿ ಎರೆ ಮಣ್ಣಿನದು. ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಮನೆಯ ಗೋಡೆಗಳೂ ಅಲುಗಿ ಸೀಳುವುದುಂಟು. ವರ್ಷವರ್ಷವೂ ಬಾಯಿ ಬಿಡುವ ಸೀಳಿನ ಮೇಲೆ ಅಂಟಿಸಿದ ಕಾಗದ ಅದೇ ಜಾಗದಲ್ಲಿ ಹರಿಯುತ್ತದೆ.

ಗೋಡೆಯನ್ನು ಪರೀಕ್ಷಿಸುವ ಸುಲಭವಾದ ವಿಧಾನ ಹೀಗಿದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ ಗೋಡೆಗೆ ಇಟ್ಟು ನಾಲ್ಕೂ ಅಂಚುಗಳಿಗೆ ಅಂಟುಪಟ್ಟಿ ಹಚ್ಚಿ. ಎರಡು ದಿನಗಳ ಬಳಿಕ ತೆಗೆದು ನೋಡಿ. ಗೋಡೆಗೆ ತಾಗಿದ ಬದಿಯಲ್ಲಿ ನೀರ ಹನಿಗಳಿದ್ದರೆ ತೇವ ಗೋಡೆಯ ಒಳಗಿನಿಂದ ಬರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಈ ಪರೀಕ್ಷೆ ಮಾಡುವುದು ಒಳ್ಳೆಯದು. ತೇವ ಕಂಡರೆ ಮೊದಲು ಅದರ ಮೂಲವನ್ನು ಸರಿಪಡಿಸಬೇಕು. ಕಾಗದದಿಂದ ಅದನ್ನು ಮುಚ್ಚಬಾರದು.

ಸುಣ್ಣ ಬಳಿದ ಗೋಡೆಗೆ ಇನ್ನೊಂದು ಪರೀಕ್ಷೆ ಬೇಕು. ಅಂಗೈಯನ್ನು ಗೋಡೆಯ ಮೇಲೆ ಒತ್ತಿ ಎಳೆಯಿರಿ. ಕೈಗೆ ಬಿಳಿ ಪುಡಿ ಹತ್ತಿದರೆ ಆ ಗೋಡೆಗೆ ಕಾಗದ ನಿಲ್ಲುವುದಿಲ್ಲ. ಅಂಟು ಹಿಡಿಯುವುದು ಗೋಡೆಯನ್ನಲ್ಲ, ಮೇಲಿನ ಸುಣ್ಣದ ಪದರನ್ನು. ಆ ಪದರು ಕಳಚಿದರೆ ಕಾಗದವೂ ಅದರ ಜೊತೆಗೆ ಬೀಳುತ್ತದೆ. ಸಡಿಲ ಸುಣ್ಣವನ್ನು ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿದ ಮೇಲೆಯೇ ಅಂಟಿಸುವ ಮಾತು.

ಅಂಟಿನ ಬಗೆಗೂ ಎರಡು ಮಾತು. ಮೈದಾ ಗಂಜಿಯ ಅಂಟು ಅಗ್ಗವಾದರೂ ಕಾಗದ ತಿನ್ನುವ ಹುಳಗಳಿಗೆ ಅದು ಊಟ. ಪುಸ್ತಕ ಕಟ್ಟುವವರು ಇದಕ್ಕಾಗಿ ಅಂಟಿನಲ್ಲಿ ಮೈಲುತುತ್ತ ಬೆರೆಸುವುದುಂಟು. ಆದರೆ ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಅದು ಬೇಡ. ವಾಲ್‌ಪೇಪರಿಗೆಂದೇ ತಯಾರಿಸಿದ ಅಂಟನ್ನು ಬಳಸುವುದು ಲೇಸು.

ಆಮೇಲೆ ಕಿಟಕಿ

ಗೋಡೆ ಒಣಗಿದೆ, ಗಟ್ಟಿಯಾಗಿದೆ ಎಂದುಕೊಳ್ಳೋಣ. ಈಗ ಮುಖ್ಯ ಪ್ರಶ್ನೆಗೆ ಬರೋಣ. ಪ್ರಕೃತಿಯ ಚಿತ್ರ ಮನಸ್ಸಿಗೆ ಹಿತ ನೀಡುತ್ತದೆಯೇ?

ಈ ವಿಷಯದಲ್ಲಿ ಬಹಳ ಪ್ರಸಿದ್ಧವಾದ ಅಧ್ಯಯನವೊಂದನ್ನು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. 23 ರೋಗಿಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದ 23 ರೋಗಿಗಳ ಕಿಟಕಿಯಿಂದ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮರಗಳನ್ನು ಕಾಣುತ್ತಿದ್ದವರು ಶಸ್ತ್ರಚಿಕಿತ್ಸೆಯ ಬಳಿಕ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು. ಇಟ್ಟಿಗೆ ಗೋಡೆ ಕಾಣುತ್ತಿದ್ದವರು 8.70 ದಿನ ಇದ್ದರು. ಮೊದಲನೆಯವರಿಗೆ ಬಲವಾದ ನೋವುನಿವಾರಕಗಳೂ ಕಡಿಮೆ ಬೇಕಾದವು.

ಇದನ್ನು ಹೇಳಿ ವಾಲ್‌ಪೇಪರ್ ಮಾರುವವರು ಇರಬಹುದು. ಆದರೆ ಗಮನಿಸಿ, ಆ ರೋಗಿಗಳು ನೋಡಿದ್ದು ಕಿಟಕಿಯಾಚೆಯ ನಿಜವಾದ ಮರಗಳನ್ನು, ಮರದ ಚಿತ್ರವನ್ನಲ್ಲ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೀಟರ್ ಕಾನ್ ಮತ್ತು ಸಂಗಡಿಗರು ಇದೇ ವ್ಯತ್ಯಾಸವನ್ನು ಪರೀಕ್ಷಿಸಿದರು. 90 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹೊರಗಿನ ಹಸಿರು ಕಾಣುವ ಕಿಟಕಿ, ಇನ್ನೊಂದಕ್ಕೆ ಅದೇ ದೃಶ್ಯವನ್ನು ತೋರಿಸುವ ದೊಡ್ಡ ಟೆಲಿವಿಷನ್ ಪರದೆ, ಮೂರನೆಯದಕ್ಕೆ ಬರಿಯ ಗೋಡೆ ಕೊಟ್ಟರು. ಸ್ವಲ್ಪ ಒತ್ತಡ ತರುವ ಕೆಲಸ ಮಾಡಿಸಿದ ಮೇಲೆ ಅವರ ಹೃದಯ ಬಡಿತ ಎಷ್ಟು ಬೇಗ ಹದಕ್ಕೆ ಬರುತ್ತದೆಂದು ಅಳೆದರು. ಕಿಟಕಿಯ ಮುಂದೆ ಕುಳಿತವರ ಬಡಿತ ಬೇಗ ಇಳಿಯಿತು. ಪರದೆಯ ಮುಂದೆ ಕುಳಿತವರಿಗೂ ಬರಿಯ ಗೋಡೆಯ ಮುಂದೆ ಕುಳಿತವರಿಗೂ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಚಿತ್ರ ನಿಷ್ಪ್ರಯೋಜಕ ಎಂದು ತೀರ್ಮಾನಿಸಬೇಕಿಲ್ಲ. ಚಿತ್ರ ಕಣ್ಣಿಗೆ ಸಂತೋಷ ಕೊಡುತ್ತದೆ, ಅದೂ ಬೇಕಾದದ್ದೇ. ಆದರೆ ಚಿತ್ರವು ಕಿಟಕಿಗೆ ಬದಲಿಯಲ್ಲ. ನಮ್ಮ ಹಳೆಯ ಮನೆಗಳಲ್ಲಿ ಬಿಸಿಲಿನ ಝಳಕ್ಕೆ ಹೆದರಿ ಕಿಟಕಿಗಳನ್ನು ಚಿಕ್ಕದಾಗಿ ಇಟ್ಟರು, ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟರು. ಹೊಸ ಮನೆಗಳಲ್ಲಿ ಕೆಲವೊಮ್ಮೆ ಬೆಳಕಿಂಡಿಯೂ ಇಲ್ಲ, ಇರುವ ಕಿಟಕಿಗೆ ಬೀರು ಅಡ್ಡ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಸೆಕೆಯ ಪ್ರದೇಶದಲ್ಲಿ ಕೋಣೆಯ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಬೆಳಕು-ಗಾಳಿಗೆ ತೆರಪಿರಬೇಕು. ನಿಮ್ಮ ಕೋಣೆ 12 ಅಡಿಗೆ 10 ಅಡಿ ಇದ್ದರೆ ನೆಲ 120 ಚದರ ಅಡಿ, ತೆರಪು 12 ಚದರ ಅಡಿ. ಅಳತೆಪಟ್ಟಿ ಹಿಡಿದು ಇಂದೇ ಅಳೆದು ನೋಡಿ. ಕಡಿಮೆ ಬಂದರೆ ವಾಲ್‌ಪೇಪರಿನ ಹಣ ಕಿಟಕಿಗೆ ಹೋಗಲಿ. ಕಿಟಕಿಯ ಹೊರಗೆ ಒಂದು ಬೇವಿನ ಸಸಿ ನೆಟ್ಟರೆ ಕೆಲವು ವರ್ಷಗಳಲ್ಲಿ ನಿಜವಾದ ದೃಶ್ಯವೇ ಸಿದ್ಧವಾಗುತ್ತದೆ.

ಬೆಳಕಿನ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಬಿಳಿ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೆ ಹಿಂದಿರುಗಿಸುತ್ತದೆ. ದಟ್ಟ ಕಾಡಿನ ಕಡುಹಸಿರು ಚಿತ್ರ ಅದರ ಬಹುಪಾಲನ್ನು ನುಂಗುತ್ತದೆ. ಓದುವ ಮೇಜಿನ ಮುಂದೆ ಒಮ್ಮೆ ಬಿಳಿ ಹಾಳೆಯನ್ನೂ ಇನ್ನೊಮ್ಮೆ ಕಡುಹಸಿರು ಬಟ್ಟೆಯನ್ನೂ ಹಿಡಿದು, ಪುಸ್ತಕದ ಮೇಲೆ ಬೀಳುವ ಬೆಳಕನ್ನು ಹೋಲಿಸಿದರೆ ನಿಮಗೇ ತಿಳಿಯುತ್ತದೆ.

ಕೊನೆಗೆ ಚಿತ್ರ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಪರದೆಗಳನ್ನು ನೀವು ನೋಡಿರಬಹುದು. ಬಟ್ಟೆಯ ಮೇಲೆ ಬರೆದ ಕಾಡಿನ ಪರದೆಯಲ್ಲಿ ದಾರಿ ದೂರ ದೂರಕ್ಕೆ ಹೋದಂತೆ ಕಾಣುತ್ತದೆ. ಪರದೆ ಬರೆಯುವವರು ಬಳಸುವ ಉಪಾಯಗಳೇ ವಾಲ್‌ಪೇಪರ್ ಆರಿಸುವವರಿಗೂ ಉಪಯುಕ್ತ.

ಮೊದಲನೆಯದು ದೂರದ ಬಣ್ಣ. ಗಾಳಿ ಸೂರ್ಯನ ಬೆಳಕಿನಲ್ಲಿ ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಅದರಿಂದ ದೂರದ ಬೆಟ್ಟ ತಿಳಿ ನೀಲಿಯಾಗಿ, ಮಸುಕಾಗಿ ಕಾಣುತ್ತದೆ. ಹೀಗೆ ದೂರ ಮಸುಕಾದ ಚಿತ್ರ ಸಣ್ಣ ಕೋಣೆಯನ್ನು ದೊಡ್ಡದೆನಿಸುತ್ತದೆ. ಹತ್ತಿರದ ದೊಡ್ಡ ಎಲೆ, ಹೂಗಳ ಚಿತ್ರ ಗೋಡೆಯನ್ನು ನಮ್ಮತ್ತ ತಂದಂತೆ ಮಾಡುತ್ತದೆ.

ಎರಡನೆಯದು ದಿಗಂತ. ಚಿತ್ರದಲ್ಲಿ ಆಕಾಶ-ಭೂಮಿ ಕೂಡುವ ಗೆರೆ ನೋಡುವವರ ಕಣ್ಣಿನ ಎತ್ತರಕ್ಕೆ ಇದ್ದರೆ ದೃಶ್ಯ ಸಹಜವೆನಿಸುತ್ತದೆ. ನೆಲದ ಮೇಲೆ ಚಾಪೆ ಹಾಸಿ ಕುಳಿತು ಓದುವ ಕೋಣೆಗೂ ನಿಂತು ಓಡಾಡುವ ಪಡಸಾಲೆಗೂ ಈ ಎತ್ತರ ಬೇರೆ.

ಮೂರನೆಯದು ಬೆಳಕಿನ ದಿಕ್ಕು. ಕಿಟಕಿ ಎಡಗಡೆ ಇದ್ದರೆ ಚಿತ್ರದೊಳಗಿನ ಬಿಸಿಲೂ ಎಡದಿಂದ ಬಂದಂತಿರಲಿ. ಹಾಗೆಯೇ ಪಡುವಣ ಕಿಟಕಿಯ ನೇರ ಬಿಸಿಲು ಬೀಳುವ ಗೋಡೆಯನ್ನು ಬಿಟ್ಟುಬಿಡಿ. ನಮ್ಮ ಬೇಸಿಗೆಯ ಬಿಸಿಲಿಗೆ ಮುದ್ರಣದ ಬಣ್ಣ ಬೇಗ ಮಾಸುತ್ತದೆ.

ನಾಲ್ಕನೆಯದು ಮಿತಿ. ನಾಲ್ಕೂ ಗೋಡೆಗಳಿಗೆ ಬೇಡ, ಒಂದು ಗೋಡೆ ಸಾಕು. ಉಳಿದ ಮೂರು ತಿಳಿ ಬಣ್ಣದಲ್ಲಿರಲಿ. ಓದುವಾಗ ಚಿತ್ರ ಬೆನ್ನಿಗೋ ಪಕ್ಕಕ್ಕೋ ಇರುವಂತೆ ಮೇಜು ಹಾಕಿಕೊಳ್ಳಿ.

ಯಾವ ದೃಶ್ಯ? ಅದು ನಿಮ್ಮ ಇಷ್ಟ. ಆದರೆ ಅಂಗಡಿಯ ಮಾದರಿ ಪುಸ್ತಕದಲ್ಲಿ ಇದ್ದಷ್ಟೇ ಪ್ರಕೃತಿ ಎಂದುಕೊಳ್ಳಬೇಡಿ. ಈಗ ಗೋಡೆಯ ಅಳತೆಗೆ ಬೇಕಾದ ಛಾಯಾಚಿತ್ರವನ್ನೇ ಮುದ್ರಿಸಿ ಕೊಡುವ ಸೌಲಭ್ಯವಿದೆ. ಬಾದಾಮಿಯ ಕೆಂಪು ಬಂಡೆಗಳ ಕೆಳಗಿನ ಅಗಸ್ತ್ಯತೀರ್ಥ, ಪಟ್ಟದಕಲ್ಲಿನ ಬಳಿ ತಿರುಗುವ ಮಲಪ್ರಭೆ, ತೆನೆ ತುಂಬಿದ ಬಿಳಿಜೋಳದ ಹೊಲ ಇವೂ ಗೋಡೆಯ ಮೇಲೆ ಬರಬಲ್ಲವು. ನೀವೇ ತೆಗೆದ ಚಿತ್ರವಾದರೆ ಅಪ್ಪಣೆಯ ಪ್ರಶ್ನೆಯೂ ಇಲ್ಲ. ಚಿತ್ರದ ಸ್ಪಷ್ಟತೆ ಗೋಡೆಯ ಅಳತೆಗೆ ಸಾಲುತ್ತದೆಯೇ ಎಂದು ಮುದ್ರಿಸುವವರಲ್ಲಿ ಮೊದಲೇ ಕೇಳಿಕೊಳ್ಳಿ.

ಲೆಕ್ಕ ಹಾಕುವ ಕ್ರಮ

ಸುರುಳಿಯ ವಾಲ್‌ಪೇಪರ್ ಸಾಮಾನ್ಯವಾಗಿ 53 ಸೆಂಟಿಮೀಟರ್ ಅಗಲ, 10.05 ಮೀಟರ್ ಉದ್ದ ಇರುತ್ತದೆ. ಅಂದರೆ ಸುಮಾರು 57 ಚದರ ಅಡಿ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆ 120 ಚದರ ಅಡಿ ಆದ್ದರಿಂದ ಎರಡು ಸುರುಳಿಯೂ ಒಂದು ತುಂಡೂ ಸಾಕೆಂದು ತೋರುತ್ತದೆ. ಪಟ್ಟಿಗಳ ಲೆಕ್ಕ ಹಾಕಿದರೆ ನಿಜ ಸಂಗತಿ ತಿಳಿಯುತ್ತದೆ. ಗೋಡೆಯ ಅಗಲ 366 ಸೆಂ.ಮೀ., 53ರಿಂದ ಭಾಗಿಸಿದರೆ 6.9, ಅಂದರೆ 7 ಪಟ್ಟಿ. ಎತ್ತರ 305 ಸೆಂ.ಮೀ., ಮೇಲೆ-ಕೆಳಗೆ ಕತ್ತರಿಸಲು 10 ಸೇರಿಸಿದರೆ 315. ಒಂದು ಸುರುಳಿಯಲ್ಲಿ ಮೂರೇ ಪಟ್ಟಿ ಸಿಗುತ್ತವೆ. ಹಾಗಾಗಿ 3 ಸುರುಳಿ ಬೇಕು. ಚಿತ್ರ ಪ್ರತಿ 90 ಸೆಂ.ಮೀ.ಗೆ ಮರುಕಳಿಸುವಂತಿದ್ದರೆ ಪಕ್ಕದ ಪಟ್ಟಿಗೆ ಹೊಂದಿಸಲು ಪ್ರತಿ ಪಟ್ಟಿಗೆ 360 ಸೆಂ.ಮೀ. ಬೇಕು. ಆಗ ಸುರುಳಿಗೆ ಎರಡೇ ಪಟ್ಟಿ, ಒಟ್ಟು 4 ಸುರುಳಿ. ಇದಕ್ಕೆ ಅಂಟು, ಪ್ರೈಮರ್, ಕೂಲಿಯನ್ನೂ ಸೇರಿಸಿ ಮನೆಯ ಹಿರಿಯರ ಮುಂದಿಡಿ.

ಹಳೆಯ ಕಲ್ಲುಗೋಡೆಯ ಮನೆಯವರು ನಿರಾಶರಾಗಬೇಕಿಲ್ಲ. ಚಿತ್ರವನ್ನು ಬಟ್ಟೆಯ ಮೇಲೆ ಮುದ್ರಿಸಿ, ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಒಂದೆರಡು ಅಂಗುಲ ಬಿಟ್ಟು ತೂಗುಹಾಕಬಹುದು. ಹಿಂದೆ ಗಾಳಿ ಆಡುತ್ತದೆ, ಗೋಡೆ ಒಣಗುತ್ತದೆ, ಹಬ್ಬಕ್ಕೆ ಸುಣ್ಣ ಬಳಿಯುವಾಗ ಇಳಿಸಿ ಮತ್ತೆ ಹಾಕಬಹುದು. ನಾಟಕದ ಪರದೆಯೂ ಹೀಗೆಯೇ ಗೋಡೆಯ ಹಂಗಿಲ್ಲದೆ ಊರಿಂದೂರಿಗೆ ಹೋಗುತ್ತದೆ.

ನೀವು ಮಾಡಬಹುದಾದ ಕೆಲಸ

ಬರುವ ರಜೆಯಲ್ಲಿ ನಿಮ್ಮ ಮನೆಯ ಒಂದು ಕೋಣೆಯನ್ನು ಆರಿಸಿಕೊಳ್ಳಿ. ನೆಲ, ಕಿಟಕಿ, ಗೋಡೆಗಳ ಅಳತೆ ಬರೆದುಕೊಳ್ಳಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನೂ ಅಂಗೈ ಪರೀಕ್ಷೆಯನ್ನೂ ಮಾಡಿ ಫಲಿತಾಂಶ ಗುರುತಿಸಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಯಾವ ಗೋಡೆಗೆ ಬೀಳುತ್ತದೆಂದು ನಕ್ಷೆಯಲ್ಲಿ ತೋರಿಸಿ. ಆ ಒಂದು ಪುಟದ ಟಿಪ್ಪಣಿ ಕೈಯಲ್ಲಿದ್ದರೆ ಅಂಗಡಿಯವರು ತೋರಿಸುವ ನೂರು ಚಿತ್ರಗಳ ನಡುವೆ ನಿಮ್ಮ ಕೋಣೆಗೆ ಸಲ್ಲುವುದು ಯಾವುದು, ಅಥವಾ ಸದ್ಯಕ್ಕೆ ಯಾವುದೂ ಬೇಡವೇ ಎಂಬುದನ್ನು ನೀವೇ ನಿರ್ಧರಿಸಬಲ್ಲಿರಿ.